ಸೋಮವಾರದ ಜೀಪು

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಗಾಳಿ, ಸೋಂಕು, ದೃಷ್ಟಿ ಇವು ಯಾವುದನ್ನೂ ನಾನು ನಂಬಿದವನಲ್ಲ. ಗ್ಯಾರೇಜಿಗೆ ಬಂದ ಗಾಡಿಯ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರೆ ಬಾನೆಟ್ ಎತ್ತುವ ಮೊದಲು ಅದನ್ನು ಕಿತ್ತು ಪಕ್ಕಕ್ಕಿಡುತ್ತಿದ್ದೆ. ಇದಕ್ಕೆ ಕೊಟ್ಟ ಗಮನವನ್ನು ಇಂಜಿನ್ ಆಯಿಲ್‌ಗೆ ಕೊಟ್ಟಿದ್ದರೆ ನೀನು ಇಲ್ಲಿಗೆ ಬರುತ್ತಲೇ ಇರಲಿಲ್ಲ ಎಂದು ಗಾಡಿಯವನಿಗೆ ಎರಡು ಮಾತು ಬೈಯುತ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು ಎಂದು ಕೊಳ್ಳೇಗಾಲದಲ್ಲಿ ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಇಂಥವನು ಇಂಥದ್ದನ್ನು ಬರೆಯಲು ಕೂತಿದ್ದಾನಲ್ಲ ಎಂದು ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನ ಗ್ಯಾರೇಜು. ಡೀಸೆಲ್ ಗಾಡಿಗಳ ಕೆಲಸದಲ್ಲಿ ಸ್ವಲ್ಪ ಹೆಸರಿತ್ತು. ಅಕ್ಕನನ್ನು ಹನೂರಿಗೆ ಕೊಟ್ಟಿತ್ತು. ನಮ್ಮವ್ವ ನಾನು ಚಿಕ್ಕವನಿರುವಾಗಲೇ ತೀರಿಕೊಂಡಿದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಮದುವೆಯಾದ ಮೇಲೂ ವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು, ಗ್ಯಾರೇಜಿನ ಬಾಗಿಲಲ್ಲಿ ನಿಂತು, ನನ್ನ ಎಣ್ಣೆ ಕೈ ನೋಡಿ ಮೂಗು ಮುರಿದು, ತಂದಿದ್ದ ಬುತ್ತಿಯನ್ನು ತಾನೇ ಕಲಸಿ ಬಾಯಿಗೆ ಇಡುತ್ತಿದ್ದಳು. ನನಗೆ ಆಗ ಮೀಸೆ ಬಂದು ಎಷ್ಟೋ ವರ್ಷವಾಗಿತ್ತು. ಬೀದಿಯವರು ನಗುತ್ತಿದ್ದರು, ನಾನು ತಿನ್ನುತ್ತಿದ್ದೆ.

ಭಾವ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕೈಕೆಳಗಿನ ಕೆಲಸ ಸಾಕು, ಸ್ವಂತದ್ದೊಂದು ಗಾಡಿ ಇರಬೇಕು ಎಂದು ಅವನಿಗೆ. ಹನೂರಿನಿಂದ ಹೂಗ್ಯಂ ಕಡೆಗೆ ಬಸ್ಸು ಅಪರೂಪ, ಜನ ಜೀಪಿಗೆ ಕಾಯುತ್ತಾರೆ. ಸೋಮವಾರ ಬಂತೆಂದರೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಭಕ್ತರನ್ನು ಹತ್ತಿಸಿಕೊಳ್ಳಲು ಜಾಗವೇ ಸಾಲುವುದಿಲ್ಲ. ಒಂದು ಹಳೆಯ ಜೀಪು ಸಿಕ್ಕರೆ ಸಂಸಾರ ದಡ ಸೇರುತ್ತದೆ ಎಂದು ಲೆಕ್ಕ ಹಾಕಿದ್ದ. ಅವನ ಅಣ್ಣ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದ. ಅವನು ಬಾ ಬಾ ಎಂದು ಕರೆಯುತ್ತಲೇ ಇದ್ದ. ಜೀಪು ಕೈಹಿಡಿಯದಿದ್ದರೆ ಗಂಡ ಹೆಂಡತಿ ಇಬ್ಬರೂ ತಿರುಪ್ಪೂರಿಗೆ ಹೋಗಿಬಿಡುವುದು ಎಂದು ಮಾತಾಗಿತ್ತು. ಈ ಮಾತು ಕೇಳಿದ ದಿನದಿಂದ ಭಾವನ ಜೀಪಿನ ಮೇಲೆ ಭಾವನಿಗಿಂತ ನನಗೇ ಹೆಚ್ಚು ಆಸೆ.

ಯಳಂದೂರಿನ ಹತ್ತಿರದ ಒಂದು ಊರಿನಲ್ಲಿ ಸಿದ್ದಮಲ್ಲಪ್ಪ ಎಂಬ ಹಿರಿಯರ ಬಳಿ ಜೀಪು ಇದೆ ಎಂದು ಗೊತ್ತಾಗಿ ನಾನೂ ಭಾವನೂ ಹೋದೆವು. ಗದ್ದೆ ಬಯಲು ಚೆನ್ನಾಗಿದ್ದ ಮನೆತನ. ವಯಸ್ಸಾಯಿತು, ಕಣ್ಣು ಮಂಜಾಯಿತು, ಇನ್ನು ಓಡಿಸಲಾರೆ ಎಂದು ಮಾರುತ್ತಿದ್ದರು. ಜೀಪು ದನದ ಕೊಟ್ಟಿಗೆಯಲ್ಲಿ ಎರಡು ಎತ್ತುಗಳ ಪಕ್ಕದಲ್ಲಿ ನಿಂತಿತ್ತು. ಬಾನೆಟ್ ಮೇಲೆ ವಿಭೂತಿ ಪಟ್ಟೆ, ಒಂದು ಕಡೆಯೂ ತುಕ್ಕಿಲ್ಲ. ಇಂಜಿನ್ ಬಿಚ್ಚಿ ನೋಡಿದೆ, ಕೆಸರಿನ ಗದ್ದೆ ದಾರಿಗೆ ಇಳಿಸಿದೆ, ಏರಿಗೆ ಹತ್ತಿಸಿದೆ. ಎಲ್ಲ ಸರಿಯಿತ್ತು. ಕಣ್ಣು ಮುಚ್ಚಿಕೊಂಡು ತಗೋ ಎಂದು ಭಾವನಿಗೆ ಹೇಳಿದವನು ನಾನೇ.

ಮೊದಲ ವಾರ ಚೆನ್ನಾಗಿ ಓಡಿತು. ಸೋಮವಾರ ಬೆಟ್ಟದ ದಾರಿಯಲ್ಲಿ, ಕೌದಳ್ಳಿ ದಾಟಿದ ಮೇಲೆ, ಜನ ತುಂಬಿದ್ದಾಗ ನಿಂತುಹೋಯಿತು. ಏನು ಮಾಡಿದರೂ ಮುಂದೆ ಹೋಗಲಿಲ್ಲ. ಜನ ಬೈದುಕೊಂಡು ಬೇರೆ ಗಾಡಿ ಹತ್ತಿದರು. ಭಾವ ರಾತ್ರಿ ಜೀಪಿನಲ್ಲೇ ಮಲಗಿದ್ದಾನೆ. ಬೆಳಗ್ಗೆ ಎದ್ದು ಸುಮ್ಮನೆ ಸೆಲ್ಫ್ ಒತ್ತಿದರೆ ಏನೂ ಆಗೇ ಇಲ್ಲ ಎಂಬಂತೆ ಸ್ಟಾರ್ಟ್ ಆಗಿ ಓಡಿದೆ. ಅಲ್ಲಿಂದ ನೇರ ನನ್ನ ಗ್ಯಾರೇಜಿಗೆ ಬಂದ.

ಡೀಸೆಲ್ ಇಂಜಿನ್ನಿಗೆ ಬೇಕಾದದ್ದು ಎರಡೇ, ಡೀಸೆಲ್ ಮತ್ತು ಗಾಳಿ. ಎರಡೂ ಸಿಗುತ್ತಿದ್ದರೆ ನಿಲ್ಲುವ ಹಕ್ಕು ಅದಕ್ಕಿಲ್ಲ. ಹಾಗಾಗಿ ನಿಂತಿತು ಎಂದರೆ ನಾವು ಮೊದಲು ಹುಡುಕುವುದು ಪೈಪಿನಲ್ಲಿ ಎಲ್ಲಾದರೂ ಗಾಳಿ ಸೇರಿಕೊಂಡಿದೆಯೇ, ಫಿಲ್ಟರ್ ಕಟ್ಟಿದೆಯೇ ಎಂದು. ಫಿಲ್ಟರ್ ಬದಲಾಯಿಸಿದೆ, ಪೈಪಿನ ವಾಷರುಗಳನ್ನೆಲ್ಲ ಹೊಸದು ಹಾಕಿದೆ, ಪಂಪಿನಿಂದ ಗಾಳಿ ತೆಗೆದೆ. ಇಡೀ ಮಧ್ಯಾಹ್ನ ಓಡಿಸಿ ಬಿಟ್ಟರೂ ಕೆಮ್ಮಲಿಲ್ಲ. ತಗೊಂಡು ಹೋಗು, ಇನ್ನು ನಿಂತರೆ ನನ್ನನ್ನು ಕೇಳು ಎಂದು ಕಳಿಸಿದೆ. ಮುಂದಿನ ವಾರ ಬಂದು ಕೇಳಿದ.

ಆಮೇಲಿನ ವಾರಗಳನ್ನು ನೆನೆಸಿಕೊಂಡರೆ ಈಗಲೂ ನನಗೆ ತಲೆ ಬಿಸಿಯಾಗುತ್ತದೆ. ಟ್ಯಾಂಕಿನ ಮುಚ್ಚಳದ ತೂತು ಮುಚ್ಚಿದ್ದರೆ ಒಳಗೆ ಗಾಳಿಯಾಡದೆ ಡೀಸೆಲ್ ಇಳಿಯುವುದಿಲ್ಲ, ಅದನ್ನು ನೋಡಿದೆ. ಟ್ಯಾಂಕನ್ನೇ ಇಳಿಸಿ, ತೊಳೆದು, ಒಳಗೆ ಬಟ್ಟೆ ಚೂರು, ಎಲೆ ಏನಾದರೂ ತೇಲುತ್ತಿದೆಯೇ ಎಂದು ಬ್ಯಾಟರಿ ಹಿಡಿದು ನೋಡಿದೆ. ನಾಝಲ್‌ಗಳನ್ನು ಬಿಚ್ಚಿದೆ. ಪಂಪನ್ನು ಮೈಸೂರಿಗೆ ಕಳಿಸಿ ಟೆಸ್ಟ್ ಮಾಡಿಸಿದೆ. ಎಲ್ಲ ಸರಿ ಎಂದು ವಾಪಸ್ ಬಂತು. ಭಾವ ಹೇಳುತ್ತಿದ್ದ ಇನ್ನೊಂದು ಮಾತು ನನ್ನ ತಲೆ ಕೊರೆಯುತ್ತಿತ್ತು. ಡೀಸೆಲ್ ಸಾಲದೆ ನಿಲ್ಲುವ ಗಾಡಿ ಜಗ್ಗುತ್ತದೆ, ಏದುಸಿರು ಬಿಡುತ್ತದೆ, ಆಮೇಲೆ ನಿಲ್ಲುತ್ತದೆ. ಇದು ಹಾಗಲ್ಲವಂತೆ. ಇಂಜಿನ್ ನಿಲ್ಲಿಸಲು ಎಳೆಯುವ ಗುಬ್ಬಿಯನ್ನು ಯಾರೋ ಕೈಯಾರೆ ಎಳೆದಂತೆ ಮೆತ್ತಗೆ ನಿಲ್ಲುತ್ತದಂತೆ. ಸರಿ, ಆ ಗುಬ್ಬಿಯ ತಂತಿಯನ್ನೇ ಕಿತ್ತು ಹಾಕಿದೆ. ಈಗ ಯಾರು ಎಳೆಯುತ್ತಾರೋ ನೋಡೋಣ ಎಂದೆ. ಮತ್ತೆ ನಿಂತಿತು.

ನನ್ನ ಎದುರಿಗೆ ಮಾತ್ರ ಅದು ಒಂದು ಸಲವೂ ನಿಲ್ಲುತ್ತಿರಲಿಲ್ಲ. ಅದು ನನ್ನ ಹೊಟ್ಟೆ ಉರಿಸುತ್ತಿದ್ದ ಸಂಗತಿ. ನಿನ್ನ ಕೈಯಲ್ಲೇ ಏನೋ ಐತೆ ಎಂದು ಭಾವನ ಮೇಲೆ ಹರಿಹಾಯ್ದೆ. ಅವನೂ ಬಿಡಲಿಲ್ಲ. "ಕೈಲಾಗದಿದ್ರೆ ಆಗಕಿಲ್ಲ ಅನ್ನು ಭಾಮೈದ, ನನ್ ಕೈ ಮೇಲೆ ಯಾಕಾಕ್ತೀಯೆ?" ಎಂದ. ಇಬ್ಬರೂ ಆ ದಿನ ಊಟ ಬಿಟ್ಟು ಮುಖ ತಿರುಗಿಸಿಕೊಂಡು ಕೂತೆವು.

ಅದು ಯಾವ ದಿನ ನಿಲ್ಲುತ್ತದೆ ಎಂದು ನನಗೆ ಹೊಳೆದದ್ದು ಎದುರಿನ ಟೀ ಅಂಗಡಿಯವನಿಂದ. ಗ್ಲಾಸು ಕೊಡುತ್ತಾ, ಏನ್ ಮೇಸ್ತ್ರಿ, ನಿಮ್ ಮಂಗಳವಾರದ ಗಿರಾಕಿ ಬಂದವ್ರೆ ಎಂದು ತಮಾಷೆ ಮಾಡಿದ. ಟೀ ಕೈಯಲ್ಲೇ ಉಳಿಯಿತು. ಹೌದಲ್ಲ, ಯಾವಾಗಲೂ ಮಂಗಳವಾರವೇ ಬರುತ್ತಾನೆ, ಅಂದರೆ ಯಾವಾಗಲೂ ನಿಲ್ಲುವುದು ಸೋಮವಾರವೇ. ಹೊಳೆದ ಕೂಡಲೇ ನನಗೆ ಖುಷಿಯಾಯಿತು, ಹೆದರಿಕೆಯಲ್ಲ. ಸೋಮವಾರ ಅಂದರೆ ಬೆಟ್ಟದ ಜನ, ಜನ ಅಂದರೆ ಭಾರ, ಭಾರ ಹೊತ್ತು ಘಾಟಿ ಹತ್ತಿದರೆ ಇಂಜಿನ್ ಕಾಯುತ್ತದೆ, ಕಾದಾಗ ಏನೋ ಒಂದು ಕೈಕೊಡುತ್ತಿದೆ. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ.

ಒಂದು ಭಾನುವಾರ ಜೀಪಿಗೆ ರಾಗಿ ಮೂಟೆ ಹೇರಿ, ತಾಳಬೆಟ್ಟದಿಂದ ಮೇಲಿನವರೆಗೂ ಘಾಟಿ ಹತ್ತಿಸಿದೆ. ಇಳಿದು ಮತ್ತೆ ಹತ್ತಿಸಿದೆ. ಇಂಜಿನ್ ಕಾದು ನೀರು ಕುದಿಯಿತು, ಆದರೆ ನಿಲ್ಲಲಿಲ್ಲ. ಮರುದಿನ ಸೋಮವಾರ, ಖಾಲಿ ಜೀಪು, ಬೆಳಗಿನ ತಂಪಿನಲ್ಲಿ, ಕೊಳ್ಳೇಗಾಲದಿಂದ ಹನೂರಿನ ಕಡೆ ಮಟ್ಟಸ ರಸ್ತೆ. ನಾನೇ ಓಡಿಸುತ್ತಿದ್ದೆ. ಕಾಮಗೆರೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ, ಭಾವ ಹೇಳಿದ ಹಾಗೆಯೇ, ಒಂದು ಜಗ್ಗಿಲ್ಲ, ಒಂದು ಕೆಮ್ಮಿಲ್ಲ, ಮೆತ್ತಗೆ ನಿಂತಿತು. ಇಳಿದು ಪಂಪಿನ ಬೋಲ್ಟ್ ಸಡಿಲಿಸಿದೆ. ಡೀಸೆಲ್ ಗುಳ್ಳೆಯಿಲ್ಲದೆ ತಿಳಿಯಾಗಿ ಬಂತು. ಗಾಳಿಯ ಫಿಲ್ಟರನ್ನು ತೆಗೆದೇ ಹಾಕಿದೆ. ಸೆಲ್ಫ್ ಒತ್ತಿದರೆ ಸ್ಟಾರ್ಟ್ ಆಯಿತು. ನಿಂತಲ್ಲೇ ಎಷ್ಟು ಹೊತ್ತು ಬೇಕಾದರೂ ಓಡುತ್ತಿತ್ತು. ಗೇರು ಹಾಕಿ ನಾಲ್ಕು ಮಾರು ಹೋದರೆ ನಿಲ್ಲುತ್ತಿತ್ತು. ಹೊತ್ತು ಏರುವವರೆಗೂ ಇದನ್ನೇ ಮಾಡಿ ಮಾಡಿ, ಕೊನೆಗೆ ಸ್ಪ್ಯಾನರನ್ನು ರಸ್ತೆಯ ಪಕ್ಕದ ಬೇಲಿಗೆ ಎಸೆದೆ. ಆಮೇಲೆ ನಾನೇ ಹೋಗಿ ಮುಳ್ಳಿನಲ್ಲಿ ಹುಡುಕಿಕೊಂಡು ಬಂದೆ.

ಕೆಟ್ಟ ಮಾಲು ಕೊಟ್ಟು ಏನೋ ಮುಚ್ಚಿಟ್ಟಿದ್ದಾರೆ ಎಂದು ಜಗಳವಾಡಲೆಂದೇ ಯಳಂದೂರಿಗೆ ಹೋದೆ. ಸಿದ್ದಮಲ್ಲಪ್ಪನವರು ಜಗುಲಿಯಲ್ಲಿ ಕೂತಿದ್ದರು. ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡು, ತಮ್ಮ ಕೈಯಲ್ಲಿದ್ದಷ್ಟು ವರ್ಷ ಒಂದು ದಿನವೂ ಅದು ದಾರಿಯಲ್ಲಿ ನಿಂತದ್ದಿಲ್ಲ ಎಂದರು. ಸೋಮವಾರ ಕೂಡ ನಿಲ್ಲುತ್ತಿರಲಿಲ್ಲವಾ ಎಂದು ಕೇಳಿದೆ.  ಅವರು ತಲೆ ತಗ್ಗಿಸಿ ಹೇಳಿದರು.

"ಸೋಮವಾರ ಬಸವಣ್ಣನ ವಾರ ಅಲ್ವಾ ಮೇಸ್ತ್ರಿ. ನಾವು ಎತ್ತು ಹೂಡಕಿಲ್ಲ. ಜೀಪ್ನೂ ಆಚೆ ತೆಗೀತಿರ್ನಿಲ್ಲ. ತೊಳ್ದು, ಈಬೂತಿ ಇಟ್ಟು, ಎತ್ತಿನ್ ಪಕ್ಕ ನಿಲ್ಸ್‌ಬುಡ್ತಿದ್ದೆ. ಎತ್ತು ಮಾರೋವಾಗ ಕೇಳ್ತೀವಿ, ಸೋಮವಾರ ಹೂಡೋರ್ಗೆ ಕೊಡಕಿಲ್ಲ. ಇದು ಗಾಡಿ ಅಂತ ಕೇಳೋದ ಮರ್ತ್‌ಬುಟ್ಟೆ. ತಪ್ಪು ನಂದೇಯ."

ನನಗೆ ಮೈಯೆಲ್ಲ ಉರಿದುಹೋಯಿತು. ಯಜಮಾನ್ರೇ, ಅದು ಕಬ್ಬಿಣ, ಅದಕ್ಕೆ ಇವತ್ತು ಯಾವ ವಾರ ಅಂತ ಹೇಳಿಕೊಟ್ಟವರು ಯಾರು ಎಂದು ಕೇಳಿದೆ. ಅವರು ವಾದ ಮಾಡಲಿಲ್ಲ. ಒಳಗಿನಿಂದ ಮಜ್ಜಿಗೆ ತರಿಸಿ ಕೊಟ್ಟರು. ಆರು ದಿನ ದುಡಿಯುತ್ತದೆ, ಒಂದು ದಿನ ಬಿಟ್ಟುಬಿಡಿ, ಅಷ್ಟೇ ನಾನು ಹೇಳುವುದು ಎಂದರು. ಮಜ್ಜಿಗೆ ಕುಡಿದು, ಚೊಂಬು ಕೆಳಗಿಟ್ಟು, ಹೇಳದೆ ಎದ್ದು ಬಂದೆ. ಆ ಮಜ್ಜಿಗೆ ಚೆನ್ನಾಗಿತ್ತು ಎಂಬುದೂ ನನಗೆ ಸಿಟ್ಟು ತರಿಸಿತು.

ಭಾವನಿಗೆ ಈ ಮಾತು ಹೇಳಿದೆ, ತಮಾಷೆಗೆಂಬಂತೆ ಹೇಳಿದೆ. ಅವನು ನಗಲಿಲ್ಲ. ಸೋಮವಾರ ಬಿಟ್ಟರೆ ಉಳಿದ ದಿನದ ದುಡಿಮೆ ಡೀಸೆಲ್‌ಗೇ ಸರಿಹೋಗುತ್ತದೆ ಎಂದ. ಅದು ನಿಜವೂ ಹೌದು. ಅಲ್ಲದೆ ಅವನು ಬೆಟ್ಟದ ಮಾದಪ್ಪನ ಒಕ್ಕಲು. ಸೋಮವಾರ ಮಾದಪ್ಪನ ವಾರ, ಮಾದಪ್ಪನ ಭಕ್ತರನ್ನು ಮಾದಪ್ಪನ ಬೆಟ್ಟಕ್ಕೇ ಕರೆದುಕೊಂಡು ಹೋಗುವುದು ಯಾವ ಪಾಪ ಎಂದು ಕೇಳಿದ.  ಅಮಾವಾಸ್ಯೆಯ ದಿನವೂ ಬೆಟ್ಟಕ್ಕೆ ಅಷ್ಟೇ ಜನ ಹೋಗುತ್ತಾರೆ. ಅವತ್ತು ಬೇರೆ ವಾರವಾಗಿದ್ದರೆ ಈ ಜೀಪು ನಗುನಗುತ್ತಾ ಹತ್ತುತ್ತಿತ್ತು. ಇದನ್ನೂ ಇಬ್ಬರೂ ನೋಡಿದ್ದೆವು. ಜೀಪನ್ನು ಯಾರಿಗಾದರೂ ಮಾರೋಣ ಎಂದರೆ ಹನೂರು, ಕೊಳ್ಳೇಗಾಲದಲ್ಲೆಲ್ಲ ಅದರ ಕತೆ ಹಬ್ಬಿಹೋಗಿತ್ತು.

ಯುಗಾದಿವರೆಗೆ ನೋಡುತ್ತೇನೆ ಎಂದ ಭಾವ.  ಅಕ್ಕ ಬುತ್ತಿ ತಂದ ದಿನ, ಸರಿ ಮಾಡ್ತೀಯೇನ್ಲಾ ಎಂದು ಕೇಳಿದಳು. ಮಾಡ್ತೀನಿ ಬಿಡು ಅಕ್ಕ ಎಂದೆ. ಆ ವಾರಗಳಲ್ಲಿ ಬೇರೆ ಗಿರಾಕಿಗಳ ಗಾಡಿಗಳನ್ನೆಲ್ಲ ಬದಿಗೆ ತಳ್ಳಿ, ಇದೊಂದರ ಕೆಳಗೇ ಬಿದ್ದಿದ್ದೆ. ಹಳೆಯ ಪಂಪು ತೆಗೆದು ಬೇರೆ ಗಾಡಿಯ ಪಂಪು ಹಾಕಿದೆ. ಪೈಪುಗಳನ್ನೆಲ್ಲ ಹೊಸದಾಗಿ ಎಳೆದೆ. ಡೀಸೆಲ್ ಟ್ಯಾಂಕನ್ನೇ ಬಿಟ್ಟು, ಪಕ್ಕದ ಸೀಟಿನ ಮೇಲೆ ಕ್ಯಾನ್ ಇಟ್ಟು, ಅದರಿಂದ ನೇರ ಪಂಪಿಗೆ ಡೀಸೆಲ್ ಕೊಟ್ಟು ಓಡಿಸಿದೆ. ಸೋಮವಾರ ಬಂದರೆ ಮುಗಿಯಿತು. ಅದು ನಿಲ್ಲುವುದಕ್ಕೂ ನಾನು ಹುಡುಕುವುದಕ್ಕೂ ಸಂಬಂಧವೇ ಇರಲಿಲ್ಲ. ನಾನು ಕಲಿತ ವಿದ್ಯೆಯನ್ನು ಯಾರೋ ನನ್ನ ಕಣ್ಣೆದುರೇ ಅಣಕಿಸಿದ ಹಾಗಿತ್ತು.

ಯುಗಾದಿ ಬಂತು, ಹೋಯಿತು. ಭಾವ ಜೀಪಿನ ಕೀ ತಂದು ನನ್ನ ಬೆಂಚಿನ ಮೇಲಿಟ್ಟು, ಇನ್ನು ಇದು ನಿಂದು, ಏನ್ ಬೇಕಾದ್ರೂ ಮಾಡ್ಕೋ ಎಂದ. ಅವನ ಅಣ್ಣ ತಿರುಪ್ಪೂರಿನಲ್ಲಿ ಕೆಲಸ ಗೊತ್ತು ಮಾಡಿದ್ದ. ಮಂಗಳವಾರ ಬೆಳಗ್ಗೆ ಕಂಪನಿಯಲ್ಲಿ ಇರಬೇಕು. ಹೊರಡುವ ಮುಂಚೆ ಸೋಮವಾರ ಮಾದಪ್ಪನಿಗೆ ಕೈಮುಗಿದು, ಬೆಟ್ಟದಿಂದಲೇ ತಿರುಪ್ಪೂರಿನ ದಾರಿಗೆ ಮೇಟೂರಿನ ಬಸ್ಸು ಹತ್ತುವುದು ಎಂದು ತೀರ್ಮಾನವಾಯಿತು.

ಹಿಂದಿನ ದಿನ ನಾನು ಹನೂರಿಗೆ ಹೋದೆ, ಸಾಮಾನು ಕಟ್ಟಿಸಲು. ಪಾತ್ರೆ, ಹಾಸಿಗೆ, ರಾಗಿ ಹಿಟ್ಟಿನ ಡಬ್ಬ, ಅಷ್ಟೇ. ಬಸ್ಸಿನ ಮೇಲೆ ಹಾಕಿದರೆ ಆಯಿತು ಎಂದ ಭಾವ. ಆಗ ಅಕ್ಕ, ಬೇಡ, ಜೀಪಿನಲ್ಲೇ ಹೋಗೋಣ, ತಮ್ಮ ಬಿಟ್ಟು ಬರಲಿ ಎಂದಳು. ನಾಳೆ ಸೋಮವಾರ ಅನ್ನೋದು ನೆನಪೈತಾ ಎಂದು ಭಾವ ನಕ್ಕ. ಅವಳು ಹಟ ಹಿಡಿದಳು. ಸೋಮವಾರ ಬೆಟ್ಟದ ಬಸ್ಸಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ, ಈ ಸಾಮಾನು ಹೊತ್ತು ಎಲ್ಲಿ ನುಗ್ಗಲಿ ಎಂದಳು. ನಿಂತರೆ ನಿಂತ ಕಡೆಯಿಂದ ಬಸ್ಸು ಹಿಡಿದರಾಯಿತು ಎಂದು ಭಾವ ಒಪ್ಪಿದ. ಅಕ್ಕ ಹಟ ಮಾಡಿದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ನನ್ನ ಜೊತೆ ಕೊನೆಯ ಪಯಣ ಮಾಡುವ ಆಸೆ ಎಂದುಕೊಂಡೆ.

ಸೋಮವಾರ ಬೆಳಗ್ಗೆ ಹನೂರು ಬಿಟ್ಟೆವು. ಅಕ್ಕ ನನ್ನ ಪಕ್ಕದಲ್ಲಿ, ಭಾವ ಹಿಂದೆ ಸಾಮಾನಿನ ನಡುವೆ. ಇಂಜಿನ್ನಿನ ಸದ್ದಿನ ಮೇಲೆ ಕಿವಿಯಿಟ್ಟು ಕೂತಿದ್ದೆ. ನಿಮ್ಮಲ್ಲಿ ನಿಜ ಹೇಳುತ್ತೇನೆ. ಅಷ್ಟು ತಿಂಗಳು ನಿಲ್ಲಬೇಡ ನಿಲ್ಲಬೇಡ ಎಂದು ಅದರ ಕಾಲು ಹಿಡಿದವನು, ಅವತ್ತು ನಿಲ್ಲು ನಿಲ್ಲು ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ನಿಂತರೆ ಹೊತ್ತು ಹೋಗುತ್ತದೆ, ಮೇಟೂರಿನ ಬಸ್ಸು ತಪ್ಪುತ್ತದೆ, ಮಂಗಳವಾರದ ಕೆಲಸ ತಪ್ಪುತ್ತದೆ. ಆಮೇಲೆ ಏನಾಗುತ್ತಿತ್ತೋ ಗೊತ್ತಿಲ್ಲ. ಆಮೇಲಿನದು ನನಗೆ ಬೇಕಿರಲಿಲ್ಲ.

ಅಜ್ಜೀಪುರದ ಕಡೆ ತಿರುಗುವ ದಾರಿ ದಾಟಿದೆವು. ನಿಲ್ಲಲಿಲ್ಲ. ಕೌದಳ್ಳಿಯೂ ಹಿಂದೆ ಸರಿಯಿತು. ತಾಳಬೆಟ್ಟದ ಬುಡದಲ್ಲಿ ನಡೆದು ಹೋಗುವ ಭಕ್ತರ ಗುಂಪು ದಾರಿ ತುಂಬ ಇತ್ತು. ಗೇರು ಇಳಿಸಿ, ನಿಲ್ಲಿಸಿ, ಮತ್ತೆ ಎಳೆಸಿ, ಹಾರ್ನ್ ಹೊಡೆದು ನುಗ್ಗಿಸಬೇಕಾಯಿತು. ಕೆಡುವುದಿದ್ದರೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಅದು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಘಾಟಿ ಹತ್ತಿತು. ನಾನು ಅಷ್ಟು ವರ್ಷ ನೋಡಿದ ಯಾವ ಜೀಪೂ ಆ ತಿರುವುಗಳನ್ನು ಅಷ್ಟು ಸಲೀಸಾಗಿ ಹತ್ತಿರಲಿಲ್ಲ. ಹಿಂದಿನಿಂದ ಭಾವ, ಅಂತೂ ರಿಪೇರಿ ಮಾಡ್‌ಬುಟ್ಟೆ ಕಣಪ್ಪ, ನಾವು ಊರು ಬುಡೋ ದಿನ ಎಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ, ಬೇಸರವಿತ್ತು.  ಅಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ದಾರಿ ನೋಡುತ್ತಿದ್ದಳು.

ಬೆಟ್ಟದಲ್ಲಿ ಕೈಮುಗಿದು ಬಂದೆವು. ಮೇಟೂರಿನ ಬಸ್ಸು ನಿಂತಿತ್ತು. ಭಾವ ಸಾಮಾನು ಹೊತ್ತು ಬಸ್ಸಿನ ಮೇಲೆ ಹತ್ತಿ ಹಗ್ಗ ಬಿಗಿಯುತ್ತಿದ್ದ. ಅಕ್ಕ ಕಿಟಕಿಯ ಬಳಿ ಕೂತು ನನ್ನನ್ನು ಕರೆದಳು. ಹತ್ತಿರ ಹೋದೆ. ಮೇಲಿರುವ ಗಂಡನಿಗೆ ಕೇಳದಂತೆ ಮೆಲ್ಲಗೆ ಹೇಳಿದಳು.

"ಇವತ್ತು ನಿಂತ್ಕತದೆ ಅಂತ್ಲೇ ಜೀಪ್ನಾಗೆ ಓಗಣ ಅಂದಿದ್ದು ಕಣ್ಲಾ. ಯಾಕ್ಲಾ ನಿಲ್ನಿಲ್ಲ ಅದು?"

 ಗೊತ್ತಿಲ್ಲ ಅಕ್ಕ ಎಂದೆ. ಕಿಟಕಿಯೊಳಗಿಂದ ಕೈ ಚಾಚಿ, ನನ್ನ ಕೆನ್ನೆಗೆ ಹತ್ತಿದ್ದ ಎಣ್ಣೆಯನ್ನು ಹೆಬ್ಬೆರಳಿನಿಂದ ಒರೆಸಿದಳು. ಬಸ್ಸು ಹೊರಟಿತು.

ಒಬ್ಬನೇ ಘಾಟಿ ಇಳಿದೆ. ತಾಳಬೆಟ್ಟ ದಾಟಿ, ಕೌದಳ್ಳಿ ಇನ್ನೂ ಸ್ವಲ್ಪ ದೂರ ಇರುವಾಗ, ಮಟ್ಟಸ ರಸ್ತೆಯಲ್ಲಿ, ಖಾಲಿ ಜೀಪು, ಒಂದು ಜಗ್ಗಿಲ್ಲ, ಒಂದು ಕೆಮ್ಮಿಲ್ಲ, ಮೆತ್ತಗೆ ನಿಂತಿತು.

ನಾನು ಬಾನೆಟ್ ಎತ್ತಲಿಲ್ಲ.  ಇಳಿದು ಅದರ ಮುಂದೆ ನಿಂತು ಬಾಯಿಗೆ ಬಂದಂತೆ ಬೈದೆ. ಬೆಳಗ್ಗೆ ಇಲ್ಲೇ ನಿಂತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ. ಬೆಟ್ಟದಿಂದ ನಡೆದು ಇಳಿಯುತ್ತಿದ್ದ ಕೆಲವರು ನಿಂತು ನೋಡಿದರು. ಒಬ್ಬರು, ಯಾಕ್ ಸಾ, ಕೆಟ್ಟೋಯ್ತಾ ಎಂದು ಕೇಳಿದರು. ಇಲ್ಲ, ಸರಿಯಾಗಿದೆ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಂದೆ ಹೋದರು. ಅವತ್ತು ಅದರೊಳಗೇ ಮಲಗಿದೆ. ಬೆಳಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು.

ಸಿದ್ದಮಲ್ಲಪ್ಪನವರ ಬಳಿ ಹೋಗಿದ್ದರೆ ಏನಾದರೊಂದು ಹೇಳುತ್ತಿದ್ದರೋ ಏನೋ. ನಾನು ಹೋಗಲಿಲ್ಲ. ಅವರ ಉತ್ತರ ಕೇಳಿ ನಂಬಲಾರೆ, ನನ್ನ ವಿದ್ಯೆಯಲ್ಲಿ ಉತ್ತರ ಸಿಗಲಿಲ್ಲ. ಆ ಜೀಪನ್ನು ಆಮೇಲೆ ಪೂರ್ತಿ ಬಿಚ್ಚಿದೆ, ನಟ್ಟು ಬೋಲ್ಟು ಬಿಡದೆ. ಸಿಟ್ಟಿಗೋ, ಹುಡುಕಲಿಕ್ಕೋ ನನಗೇ ಗೊತ್ತಿಲ್ಲ. ಎಲ್ಲ ಭಾಗಗಳನ್ನೂ ಗೋಣಿಯ ಮೇಲೆ ಹರಡಿ ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿದೆ. ಎಲ್ಲವೂ ಚೆನ್ನಾಗಿಯೇ ಇದ್ದವು. ಓದುತ್ತಿರುವವರಲ್ಲಿ ನನ್ನ ಕಸುಬಿನವರು ಯಾರಾದರೂ ಇದ್ದರೆ, ಕಾರಣ ತಿಳಿದಿದ್ದರೆ ಹೇಳಿ, ಕೇಳುತ್ತೇನೆ. ಪೈಪಿನಲ್ಲಿ ಗಾಳಿ ಸೇರಿತ್ತು ಎಂದು ಮಾತ್ರ ಹೇಳಬೇಡಿ.

ಅಕ್ಕ ಈಗಲೂ ತಿರುಪ್ಪೂರಿನಲ್ಲೇ ಇದ್ದಾಳೆ. ಹಬ್ಬಕ್ಕೆ ಬಂದರೆ ಎರಡು ದಿನ ಇದ್ದು ಹೋಗುತ್ತಾಳೆ, ಬಸ್ಸಿನಲ್ಲೇ ಬರುತ್ತಾಳೆ, ಬಸ್ಸಿನಲ್ಲೇ ಹೋಗುತ್ತಾಳೆ. ಆ ದಿನ ಕಿಟಕಿಯಲ್ಲಿ ಕೇಳಿದ್ದನ್ನು ಅವಳು ಮತ್ತೆ ಕೇಳಿಲ್ಲ. ಕೇಳಿದರೆ ಇವತ್ತೂ ನನ್ನ ಬಳಿ ಇರುವುದು ಅದೇ ಮಾತು, ಗೊತ್ತಿಲ್ಲ ಅಕ್ಕ.